ಮರ ತೆಗೆಯುವಾಗ ದೊಡ್ಡ ಕೊಂಬೆಯನ್ನು ಹಗ್ಗದಲ್ಲಿ ಇಳಿಸಲು ಘರ್ಷಣೆ ಸಾಧನ ಏಕೆ? ಎಷ್ಟು ಸುತ್ತು ಹಾಕಬೇಕು?

ಕೈಯಲ್ಲಿ ಹಿಡಿಯಲಾಗದ ಭಾರವನ್ನು ಘರ್ಷಣೆಯ ಮೇಲೆ ಹೊರಿಸುವುದೇ ಇದರ ಕೆಲಸ. ಕೊಂಬೆಗೆ ಕಟ್ಟಿದ ಹಗ್ಗ ಮೇಲಿನ ರಾಟೆಯನ್ನು ಹಾಯ್ದು ಕೆಳಗಿಳಿದು, ಮರದ ಬುಡಕ್ಕೆ ಬಿಗಿದ ಲೋಹದ ಕೊಳವೆಯನ್ನು (ಇದೇ ಘರ್ಷಣೆ ಸಾಧನ) ಸುತ್ತಿಕೊಂಡು ನೆಲದಲ್ಲಿರುವವರ ಕೈಗೆ ಬರುತ್ತದೆ.

ಸ್ವಾರಸ್ಯವಿರುವುದು ಸುತ್ತುಗಳಲ್ಲಿ. ಹಿಡಿತ ಸುತ್ತಿನಿಂದ ಸುತ್ತಿಗೆ ಕೂಡುತ್ತಾ ಅಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣಾಂಕ (ಹಗ್ಗ ಮತ್ತು ಕೊಳವೆಯ ನಡುವಿನ ಘರ್ಷಣೆಯ ಅಳತೆ) 0.25 ಎಂದುಕೊಂಡರೆ, ತಡೆಯಬಲ್ಲ ಭಾರ ಒಂದು ಪೂರ್ಣ ಸುತ್ತಿಗೆ ಕೈಯ ಎಳೆತದ ಸುಮಾರು 5 ಪಟ್ಟು, ಎರಡಕ್ಕೆ ಸುಮಾರು 23 ಪಟ್ಟು. ಅಂದರೆ 200 ಕಿಲೋ ತೂಗುವ ಕೊಂಬೆಯನ್ನು ತಡೆಯಲು ಸುಮಾರು 9 ಕಿಲೋ ಭಾರದಷ್ಟು ಎಳೆತ ಸಾಕು. (ರಾಟೆಯ ಘರ್ಷಣೆಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.) ಹಗ್ಗ ಒದ್ದೆಯಾದರೆ, ಸವೆದರೆ ಈ ಲೆಕ್ಕ ಬದಲಾಗುತ್ತದೆ, ಆದ್ದರಿಂದ ಸಣ್ಣ ಕೊಂಬೆಗಳಿಂದ ಆರಂಭಿಸಿ ಅಂದಾಜು ಮಾಡಿಕೊಳ್ಳುವುದು ಒಳ್ಳೆಯದು.

ಹೆಚ್ಚು ಸುತ್ತಿದಷ್ಟೂ ಕ್ಷೇಮ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕೊಂಬೆ ಸುಮ್ಮನೆ ತೂಗುತ್ತಿರುವಾಗಲೇ ರಾಟೆಯ ಮೇಲೆ ಅದರ ತೂಕದ ಎರಡು ಪಟ್ಟಿನ ಸಮೀಪದ ಭಾರ ಬೀಳುತ್ತದೆ. ಸುತ್ತು ಹೆಚ್ಚಾಗಿ ಹಗ್ಗ ಓಡದೆ, ಬೀಳುತ್ತಿರುವ ಕೊಂಬೆ ಥಟ್ಟನೆ ನಿಂತರೆ ಆ ಜಗ್ಗು ಇನ್ನೂ ಎಷ್ಟೋ ಹೆಚ್ಚು, ಅದೂ ಮನುಷ್ಯನೊಬ್ಬ ಏರಿ ಕುಳಿತಿರುವ ಕಾಂಡದ ಮೇಲೆ. ಜಾಗವಿದ್ದರೆ ಹಗ್ಗವನ್ನು ಸ್ವಲ್ಪ ಓಡಬಿಟ್ಟು, ಮೆಲ್ಲನೆ ಬಿಗಿಹಿಡಿದು ನಿಲ್ಲಿಸಬೇಕು.

ಸುತ್ತುಗಳ ಸಂಖ್ಯೆಯನ್ನು ಗರಗಸ ಹಚ್ಚುವ ಮೊದಲೇ ತೀರ್ಮಾನಿಸಿ, ಸಡಿಲವನ್ನು ಎಳೆದುಕೊಳ್ಳಿ. ಕೈಗವಸು ಇರಲಿ, ಹಗ್ಗವನ್ನು ಕೈಗೆ ಎಂದೂ ಸುತ್ತಿಕೊಳ್ಳಬೇಡಿ, ಕೊಂಬೆಯ ಕೆಳಗೆ ನಿಲ್ಲಬೇಡಿ.