ಕನ್ನಡಿಯಂಥ ನೀರಲ್ಲಿ ಮೀನು ಯಾಕೆ ಸತ್ತವು?

ಪ್ರ: ನಮ್ಮದು ಕಾರವಾರ. ಮಗಳ ಆಸೆಗೆ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ ತಂದೆವು. ಟಾಗೋರ್ ಕಡಲತೀರದಲ್ಲಿ ಅವಳೇ ಆರಿಸಿದ ಚಿಪ್ಪುಗಳನ್ನು ತೊಳೆದು ತಳಕ್ಕೆ ಹಾಕಿದೆವು. ನಲ್ಲಿ ನೀರು ತುಂಬಿ, ಒಂದು ದಿನ ಬಿಟ್ಟು, ಆರು ಗೋಲ್ಡ್ ಫಿಶ್ ಬಿಟ್ಟೆವು. ಐದನೇ ದಿನದಿಂದ ಒಂದೊಂದೇ ಸತ್ತು ಈಗ ಒಂದೇ ಉಳಿದಿದೆ. ನೀರು ಮಾತ್ರ ಕನ್ನಡಿಯ ಹಾಗಿದೆ. ಎಲ್ಲಿ ತಪ್ಪಿದೆವು?

ಉ: ಮೊದಲು ಮಗಳಿಗೆ ಹೇಳಿ, ಅವಳಿಂದ ಏನೂ ತಪ್ಪಾಗಿಲ್ಲ. ಹೊಸ ತೊಟ್ಟಿ ಇಟ್ಟವರಲ್ಲಿ ಹೆಚ್ಚಿನವರಿಗೆ ಹೀಗೇ ಆಗುತ್ತದೆ.

ನೀವು ಬರೆದ 'ಐದನೇ ದಿನ' ಅನ್ನುವ ಮಾತೇ ನನಗೆ ಸುಳಿವು. ಮೀನಿನ ಕಿವಿರಿನಿಂದ ಅಮೋನಿಯಾ ಬರುತ್ತಲೇ ಇರುತ್ತದೆ. ಹಿಕ್ಕೆ ಮತ್ತು ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ. ಅದಕ್ಕೆ ಬಣ್ಣವಿಲ್ಲ. ಹಾಗಾಗಿ ನೀರು ಎಷ್ಟು ತಿಳಿಯಾಗಿದ್ದರೂ ವಿಷ ಇರಬಹುದು. ಹಳೆ ತೊಟ್ಟಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ. ರಕ್ತಕ್ಕೆ ಸೇರಿದರೆ ಆಮ್ಲಜನಕ ಸಾಗಿಸಲು ಬಿಡುವುದಿಲ್ಲ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತದೆ. ಅದರ ಕಾಟ ಬಹಳ ಕಡಿಮೆ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಆಯಿತು. ಈ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಾಂಜಿನಲ್ಲಿ, ತಳದ ಕಲ್ಲಿನ ಮೇಲೆ ನೆಲೆಯೂರಬೇಕು. ಅದಕ್ಕೆ ನಾಲ್ಕರಿಂದ ಆರು ವಾರ ಬೇಕು. ನೀವು ಒಂದು ದಿನ ನೀರು ಬಿಟ್ಟಿದ್ದು ಕ್ಲೋರಿನ್ ಹೋಗಲಿಕ್ಕೆ ಆಯಿತು, ಅಷ್ಟೇ.

ಚಿಪ್ಪಿನದೂ ಒಂದು ಪಾಲಿದೆ. ಒಂದು ಚಿಪ್ಪಿನ ಮೇಲೆ ಲಿಂಬೆರಸ ಹಿಂಡಿ ನೋಡಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಅದು ಸುಣ್ಣ. ನೀರಲ್ಲಿ ನಿಧಾನಕ್ಕೆ ಕರಗಿ ಪಿಎಚ್ (ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ) ಏರಿಸುತ್ತದೆ. ಪಿಎಚ್ ಏರಿದಷ್ಟೂ ಅಷ್ಟೇ ಅಮೋನಿಯಾ ಇನ್ನೂ ಜಾಸ್ತಿ ವಿಷವಾಗುತ್ತದೆ.

ಉಳಿದ ಒಂದು ಮೀನನ್ನು ಉಳಿಸಿಕೊಳ್ಳೋಣ. ಚಿಪ್ಪು ತೆಗೆಯಿರಿ. ದಿನಾ ಕಾಲು ಭಾಗ ನೀರು ತೆಗೆದು, ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದಿಟ್ಟ ನೀರು ಹಾಕಿ. ಆಹಾರ ದಿನ ಬಿಟ್ಟು ದಿನ, ಒಂದೇ ಚಿಟಿಕೆ. ಆಮೇಲೆ ದೊಡ್ಡ ಸಿಮೆಂಟ್ ತೊಟ್ಟಿ ಇರುವವರಿಗೆ ಅದನ್ನು ಕೊಟ್ಟುಬಿಡಿ. ನಿಮ್ಮ ತೊಟ್ಟಿ ಹಿಡಿಯುವುದು ಸುಮಾರು 56 ಲೀಟರ್. ಗೋಲ್ಡ್ ಫಿಶ್ ಅಂಗೈಯಷ್ಟು ಬೆಳೆಯುತ್ತದೆ, ಗಲೀಜೂ ಜಾಸ್ತಿ.

ಮೀನಿಲ್ಲದ ತೊಟ್ಟಿಯ ನೀರಲ್ಲಿ ಫಿಲ್ಟರ್ ಓಡಿಸುತ್ತಾ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಬರುವ ಅಮೋನಿಯಾವೇ ಬ್ಯಾಕ್ಟೀರಿಯಾಕ್ಕೆ ಊಟ. ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆ ಕಿಟ್ ತಗೊಳ್ಳಿ. ಎರಡು ದಿನಕ್ಕೊಮ್ಮೆ ಮಗಳ ಕೈಲೇ ನೋಡಿಸಿ, ನೋಟ್‌ಬುಕ್ಕಿನಲ್ಲಿ ಬರೆಸಿ. ಅಮೋನಿಯಾ ಏರಿ ಇಳಿಯುತ್ತದೆ, ನಂತರ ನೈಟ್ರೈಟ್ ಏರಿ ಇಳಿಯುತ್ತದೆ. ಆಹಾರ ಹಾಕುತ್ತಿದ್ದರೂ ಎರಡೂ ಸೊನ್ನೆಯಲ್ಲೇ ನಿಂತು ನೈಟ್ರೇಟ್ ಕಾಣಿಸಿದ ದಿನ ತೊಟ್ಟಿ ಸಿದ್ಧ. ಆಗಲೂ ಎಲ್ಲ ಮೀನು ಒಟ್ಟಿಗೆ ಬೇಡ. ನಾಲ್ಕೈದು ಬಿಟ್ಟು ಎರಡು ವಾರ ಕಾಯಿರಿ.

ಗುರುತಿನವರ ಮನೆಯಲ್ಲಿ ಆರೋಗ್ಯವಾದ ಹಳೆ ತೊಟ್ಟಿ ಇದ್ದರೆ ಅವರ ಫಿಲ್ಟರಿನ ಸ್ಪಾಂಜ್ ತುಂಡೊಂದನ್ನು ಕೇಳಿ ತನ್ನಿ. ಒಣಗಲು ಬಿಡಬೇಡಿ. ಅದರಲ್ಲಿರುವ ಬ್ಯಾಕ್ಟೀರಿಯಾದಿಂದ ನೀವು ಕಾಯುವ ದಿನ ಅರ್ಧಕ್ಕರ್ಧ ಕಡಿಮೆಯಾಗುವುದೂ ಉಂಟು. ನಾನು ಮೀನು ಸಾಕಲು ಶುರುಮಾಡಿದ ಹೊಸತರಲ್ಲಿ ಸ್ಪಾಂಜಿನಲ್ಲಿ ಬ್ಯಾಕ್ಟೀರಿಯಾ ಇರುವ ಕಂದು ಲೋಳೆಯನ್ನು ಕೊಳೆ ಅಂದುಕೊಂಡು ನಲ್ಲಿ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ತಿಕ್ಕಿದ್ದೆ. ಮೂರನೇ ದಿನ ಬೆಳಿಗ್ಗೆ ಎಲ್ಲ ಮೀನು ನೀರಿನ ಮೇಲೆ ಬಾಯಿ ಚಾಚಿ ನಿಂತಿದ್ದವು. ಆ ನೋಟ ಇವತ್ತಿಗೂ ಮರೆತಿಲ್ಲ. ಸ್ಪಾಂಜನ್ನು ತೊಟ್ಟಿಯಿಂದ ತೆಗೆದ ನೀರಲ್ಲೇ ಎರಡು ಸಲ ಹಿಂಡಿ ಸಾಕು.

ಪ್ರ: ಶಿರಸಿ ಹತ್ತಿರದ ಹಳ್ಳಿ. ಬಾವಿ ನೀರು. ಅಷ್ಟೇ ಅಳತೆಯ ತೊಟ್ಟಿ ಆರು ವಾರದಿಂದ ಓಡುತ್ತಿದೆ. ಗಪ್ಪಿ, ಏಂಜೆಲ್, ಟೈಗರ್ ಬಾರ್ಬ್, ನಿಯಾನ್ ಟೆಟ್ರಾ, ಗಾಜು ನೆಕ್ಕುವ ಸಕ್ಕರ್ ಮೀನು, ಎಲ್ಲ ಎರಡೆರಡು ತರಲೇ?

ಉ: ಬೇಡ. ಟೈಗರ್ ಬಾರ್ಬ್ ಗಪ್ಪಿಯ ಬಾಲ ಹರಿಯುತ್ತದೆ, ಏಂಜೆಲ್‌ನ ರೆಕ್ಕೆಯನ್ನೂ ಬಿಡುವುದಿಲ್ಲ. ಏಂಜೆಲ್ ದೊಡ್ಡದಾದ ಮೇಲೆ ನಿಯಾನ್ ನುಂಗುತ್ತದೆ. ಸಕ್ಕರ್ ಒಂದಡಿಗೂ ಮೀರಿ ಬೆಳೆಯುತ್ತದೆ. ಬೆಳೆದ ಮೇಲೆ ಶಾಲ್ಮಲಾ ಹೊಳೆಗೆ ಬಿಡೋಣ ಅನ್ನಿಸಿದರೆ ದಯವಿಟ್ಟು ಬಿಡಬೇಡಿ. ಅದು ಇಲ್ಲಿಯ ಮೀನಲ್ಲ. ನಮ್ಮ ಹೊಳೆಯ ಮೀನಿಗೆ ತೊಂದರೆ.

ನಮ್ಮ ಕಡೆ ಚಿರೇಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು, ಅಂದರೆ ಸುಣ್ಣದಂಥ ಲವಣ ಕಡಿಮೆ. ಗಪ್ಪಿ, ಮೊಲ್ಲಿಗಳಿಗೆ ಗಡಸು ನೀರು ಹಿಡಿಸುತ್ತದೆ. ಟೆಟ್ರಾ, ರಾಸ್ಬೋರಾಗಳಿಗೆ ನಿಮ್ಮ ನೀರು ಹೇಳಿ ಮಾಡಿಸಿದ್ದು. ನಾನಾದರೆ ಎಂಟು ಹಾರ್ಲಿಕ್ವಿನ್ ರಾಸ್ಬೋರಾ, ತಳದಲ್ಲಿ ಓಡಾಡಲು ಐದು ಕೋರಿಡೋರಸ್, ಮೇಲೆ ಒಂದು ಜೇನು ಬಣ್ಣದ 'ಹನಿ ಗೌರಾಮಿ' ಮೀನು ಇಡುತ್ತೇನೆ. ಗುಂಪಿನ ಮೀನನ್ನು ಎರಡೇ ತಂದರೆ ಹೆದರಿ ಮೂಲೆ ಹಿಡಿಯುತ್ತವೆ. ಶಿರಸಿಯ ಚಳಿಗೆ ಹೀಟರ್ ಬೇಕೇ ಬೇಕು, 25 ಡಿಗ್ರಿಗೆ ಇಡಿ.

ಒಂದು ಎಚ್ಚರಿಕೆ. ಮೆದು ನೀರಲ್ಲಿ ಪಿಎಚ್ ತಾನಾಗಿ ಇಳಿಯುತ್ತಾ ಹೋಗುತ್ತದೆ, ತೀರಾ ಇಳಿದರೆ ಬ್ಯಾಕ್ಟೀರಿಯಾದ ಕೆಲಸ ನಿಧಾನವಾಗುತ್ತದೆ. ಪಿಎಚ್ 6ರ ಹತ್ತಿರ ಬಂದರೆ ನಾಲ್ಕೈದು ಬಳಚಿನ (ತಿನ್ನುವ ಚಿಪ್ಪುಮೀನಿನ) ಚಿಪ್ಪು ತೊಳೆದು ಫಿಲ್ಟರಿನಲ್ಲಿ ಇಡಿ. ಕಾರವಾರದವರಿಗೆ ತೆಗೆಯಲು ಹೇಳಿದ್ದನ್ನೇ ನಿಮಗೆ ಹಾಕಲು ಹೇಳುತ್ತಿದ್ದೇನೆ, ನಿಮ್ಮ ನೀರು ಬೇರೆ ಅಲ್ವಾ.

ಪ್ರ: ಅಂಕೋಲಾದಿಂದ. ಸದ್ದಿಗೆ ನಿದ್ದೆ ಬರುವುದಿಲ್ಲ. ಏರ್ ಪಂಪಿನಿಂದ ಓಡುವ ಸ್ಪಾಂಜ್ ಫಿಲ್ಟರನ್ನು ರಾತ್ರಿ ನಿಲ್ಲಿಸಬಹುದೇ?

ಉ: ಖಂಡಿತ ಬೇಡ. ಬ್ಯಾಕ್ಟೀರಿಯಾಕ್ಕೂ ಉಸಿರು ಬೇಕು. ಮಳೆಗಾಲದಲ್ಲಿ ರಾತ್ರಿಯಿಡೀ ಕರೆಂಟ್ ಹೋದರೆ ಬ್ಯಾಟರಿಯ ಸಣ್ಣ ಏರ್ ಪಂಪ್ ಹಚ್ಚಿ. ಸದ್ದಿಗೆ, ಪಂಪಿನ ಅಡಿಗೆ ಹಳೆ ಟವೆಲ್ ನಾಲ್ಕು ಮಡಿಕೆ ಮಾಡಿ ಹಾಕಿ, ಗೋಡೆಗೆ ತಾಗದ ಹಾಗೆ ಇಡಿ. ತೊಟ್ಟಿಯ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿರಲಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಪೈಪಿನಲ್ಲಿ ನೀರು ಹಿಂದಕ್ಕೆ ಬಂದು ಪಂಪ್ ಸೇರುತ್ತದೆ.