ನಾವು ಬಳ್ಳಾರಿಯ ಹೊಸ ಪಾಪ್ ಪಂಕ್ (ವೇಗದ, ಗುನುಗುವಂಥ ರಾಕ್) ಬ್ಯಾಂಡ್. ಮೊದಲ ಸಿಂಗಲ್, ಅಂದರೆ ಒಂಟಿಯಾಗಿ ಬಿಡುವ ಹಾಡು, ಮುಂದಿನ ಶುಕ್ರವಾರ ಬರುತ್ತಿದೆ. ಬೆಂಗಳೂರಿನವರ ಕಣ್ಣಿಗೆ ಬೀಳುವಂತೆ ಪರಿಚಯ ಬರೆಯುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿ ‘ಮುಂದಿನ ಶುಕ್ರವಾರ’ ಅಂತ ಓದಿದ ಕೂಡಲೇ ಎದೆ ಧಸಕ್ಕೆಂದಿತು. ದಯವಿಟ್ಟು ತಾರೀಖು ಮುಂದಕ್ಕೆ ಹಾಕಿ.

ನಾವೂ ಬಳ್ಳಾರಿಯ ನಾಲ್ಕು ಜನ. ಕೌಲ್ ಬಜಾರಿನಲ್ಲಿ ಡ್ರಮ್ಮರ್‌ನ ಮಾವನದೊಂದು ಜೀನ್ಸ್ ಹೊಲಿಯುವ ಶೆಡ್ ಇತ್ತು. ರಾತ್ರಿ ಮಷೀನುಗಳು ನಿಂತ ಮೇಲೆ ಅಲ್ಲೇ ಪ್ರಾಕ್ಟೀಸ್. ಏಪ್ರಿಲ್‌ನಲ್ಲಂತೂ ತಗಡಿನ ಕೆಳಗೆ ಬೆಂದು ಹೋಗುತ್ತಿದ್ದೆವು. ಗೋಡೆಗೆ ಒಟ್ಟಿದ ಡೆನಿಮ್ ಥಾನುಗಳು ಸದ್ದು ಹೀರಿಕೊಳ್ಳುತ್ತಿದ್ದವು, ಅದಕ್ಕೇ ಅಕ್ಕಪಕ್ಕದವರು ಬೈಯಲಿಲ್ಲ. ಹಾಡೂ ಆ ಶೆಡ್ಡಿನದೇ. ಪೀಸ್ ಲೆಕ್ಕದಲ್ಲಿ ಹೊಲಿಯುವ ಅಮ್ಮ, ಬೆಂಗಳೂರಿಗೆ ಓದಲು ಹೋದ ಮಗ, ಅವನು ಹಾಕಿಕೊಂಡ ಪ್ಯಾಂಟಿನಲ್ಲಿ ಅವಳದೇ ಹೊಲಿಗೆ. ಗಿಟಾರಿನಲ್ಲಿ ನಾಲ್ಕೇ ಪವರ್ ಕಾರ್ಡ್ (ಸರಳ ಸ್ವರಗುಚ್ಛ), ಓಡುವ ಡ್ರಮ್ಸ್, ಎಲ್ಲರೂ ಒಟ್ಟಿಗೆ ಕೂಗುವ ಪಲ್ಲವಿ. ಎರಡು ಮುಕ್ಕಾಲು ನಿಮಿಷದಲ್ಲಿ ಮುಗಿಯುತ್ತಿತ್ತು. ಆ ಹಾಡಿನ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ.

ಪರಿಚಯ ಬರೆಯಲು ಒಂದು ತಿಂಗಳು ಕಳೆದೆವು. ಅಮೆರಿಕದ ಪಾಪ್ ಪಂಕ್ ಬ್ಯಾಂಡ್‌ಗಳ ಹೆಸರು ಹಾಕಿ, ‘ಗ್ರೀನ್ ಡೇ, ಬ್ಲಿಂಕ್-182 ಕೇಳಿ ಬೆಳೆದ ಗಣಿನಾಡಿನ ಹುಡುಗರು’ ಅಂತೆಲ್ಲ ಬರೆದೆವು. ಫೋಟೋಗೆ ಅಂತ ಕೋಟೆ ಗುಡ್ಡ ಹತ್ತಿದೆವು. ಹಾಡು ಅಪ್‌ಲೋಡ್ ಮಾಡಲು ಕೂತದ್ದು ಮಾತ್ರ ಬಿಡುಗಡೆಗೆ ಎರಡೇ ದಿನ ಇರುವಾಗ, ರಾತ್ರಿ ಹನ್ನೊಂದಕ್ಕೆ.

ತಪ್ಪು ಆಗಿದ್ದು ಅಲ್ಲೇ. ಸ್ಪಾಟಿಫೈ, ಆಪಲ್ ಮ್ಯೂಸಿಕ್‌ಗೆ ಹಾಡು ಕಳಿಸುವ ವಿತರಕರ ಫಾರ್ಮಿನಲ್ಲಿ ಬ್ಯಾಂಡ್ ಹೆಸರು ಹಾಕಿದರೆ ಒಂದು ಪ್ರಶ್ನೆ ಬರುತ್ತದೆ: ಈ ಹೆಸರಿನ ಕಲಾವಿದರು ಈಗಾಗಲೇ ಇದ್ದಾರೆ, ನೀವು ಅವರೇನಾ, ಹೊಸಬರಾ? ನಮ್ಮ ಹೆಸರು ಮೂರಕ್ಷರದ ಸಾದಾ ಕನ್ನಡ ಪದ. ಹಿಂದಿನ ವಾರವಷ್ಟೇ ವಿತರಕರಲ್ಲಿ ಖಾತೆ ತೆರೆದಿದ್ದೆ, ಇದು ಅದೇ ಇರಬೇಕು ಅಂದುಕೊಂಡು ‘ನಾವೇ’ ಅಂತ ಒತ್ತಿದೆ. ವಿತರಕರಲ್ಲಿ ಖಾತೆ ಇರುವುದೇ ಬೇರೆ, ಸ್ಪಾಟಿಫೈನಲ್ಲಿ ಕಲಾವಿದರ ಪುಟ ಇರುವುದೇ ಬೇರೆ. ಮೊದಲ ಹಾಡು ಹೋಗುವ ತನಕ ನಿಮಗೆ ಪುಟವೇ ಇರುವುದಿಲ್ಲ. ನಾನು ಒತ್ತಿದ್ದು ಭಕ್ತಿಗೀತೆ ಹಾಡುವ ಬೇರೊಬ್ಬರ ಪುಟ.

ಶುಕ್ರವಾರ ಬೆಳಿಗ್ಗೆ ಅವರ ಆರತಿ ಹಾಡುಗಳ ಮೇಲೆ ನಮ್ಮ ಹಾಡು ಕೂತಿತ್ತು. ಗಾಬರಿಯಾಗಿ ಅದನ್ನು ತೆಗೆಸಿ, ಹೊಸದಾಗಿ ಹಾಕಿದೆ. ಹಾಕುವಾಗ ಹಳೆಯ ಐಎಸ್‌ಆರ್‌ಸಿ ಕೋಡ್ ಕೊಡಲಿಲ್ಲ. ಆ 12 ಅಕ್ಷರ, ಅಂಕಿಗಳೇ ಒಂದು ರೆಕಾರ್ಡಿಂಗಿನ ಗುರುತು. ಅದು ಬದಲಾದರೆ ಹಾಡೂ ಹೊಸದೇ, ಕೇಳಿದವರ ಲೆಕ್ಕ ಮತ್ತೆ ಸೊನ್ನೆಯಿಂದ. ಊರಿಗೆಲ್ಲ ಹಂಚಿದ್ದ ಲಿಂಕ್ ಸತ್ತುಹೋಯಿತು. ತೆಗೆಸದೆ, ಹಾಡು ತಪ್ಪು ಪುಟಕ್ಕೆ ಹೋಗಿದೆ ಅಂತ ವಿತರಕರಿಗೋ ಸ್ಪಾಟಿಫೈಗೋ ತಿಳಿಸಿದ್ದರೆ ಸಾಕಿತ್ತು, ಅವರೇ ಸರಿಯಾದ ಪುಟಕ್ಕೆ ಸರಿಸುತ್ತಾರೆ. ಹಾಡು ಮತ್ತೆ ಬರುವಷ್ಟರಲ್ಲಿ ಕೇಳಬೇಕೆಂದಿದ್ದವರ ಉಮೇದು ಇಳಿದಿತ್ತು. ನಮ್ಮದೂ. ಗಿಟಾರಿಸ್ಟ್ ಕೆಲಸಕ್ಕೆ ಪುಣೆಗೆ ಹೋದ. ಎರಡನೇ ಹಾಡು ಬರಲೇ ಇಲ್ಲ.

ಹಾಗಾಗಿ ಇವತ್ತೇ ನಿಮ್ಮ ಹೆಸರನ್ನು ಎಲ್ಲ ಆ್ಯಪ್‌ಗಳಲ್ಲೂ ಹುಡುಕಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಇನ್ನೊಬ್ಬರಿದ್ದರೆ ಹೆಸರಿಗೆ ಒಂದು ಪದ ಸೇರಿಸಿ. ಹಾಡನ್ನು ನಾಲ್ಕು ವಾರ ಮುಂಚೆ ಕಳಿಸಿ. ಸ್ಪಾಟಿಫೈನ ಪ್ಲೇಲಿಸ್ಟ್ ಸಂಪಾದಕರಿಗೆ ಬಿಡುಗಡೆಗೆ ಮುಂಚೆಯೇ ಹಾಡು ತೋರಿಸಬೇಕು, ಕನಿಷ್ಠ 7 ದಿನವಾದರೂ ಕೈಯಲ್ಲಿರಲಿ.

ಇನ್ನು ಬೆಂಗಳೂರಿನವರ ಕಣ್ಣಿಗೆ ಬೀಳುವ ಮಾತು. ಅದನ್ನು ನಾನು ಒಪ್ಪುವುದಿಲ್ಲ. ನಾವು ಮೇಲ್ ಕಳಿಸಿದ ಯಾರೂ ಉತ್ತರಿಸಲಿಲ್ಲ. ಹಾಡನ್ನು ನಿಜವಾಗಿ ಕೇಳಿದವರು ಶೆಡ್ಡಿನ ಹೆಂಗಸರು. ಒಂದು ಶನಿವಾರ ಬಟವಾಡೆ ಆದ ಮೇಲೆ ಸ್ಪೀಕರ್‌ಗೆ ಹಾಕಿದೆವು. ‘ನಿಮ್ಮ ಶೆಡ್ಡಿನ ಮೇಲೆ ಮಾಡಿದ ಹಾಡು’ ಅಂತ ಡ್ರಮ್ಮರ್ ಹೇಳಿದ. ಪರಿಚಯ ಅಷ್ಟೇ. ಒಬ್ಬ ಅಕ್ಕ ಮತ್ತೊಮ್ಮೆ ಹಾಕಿಸಿ ಕೇಳಿದಳು. ‘ಜೇಬು ಹಚ್ಚೋಳು ಬೇರೆ, ಬೆಲ್ಟ್ ಹಚ್ಚೋಳು ಬೇರೆ. ಎರಡೂ ಒಬ್ಬಾಕಿನೇ ಮಾಡ್ತಾಳೆ ಅಂತ ಹಾಡೀರಲ್ಲ?’ ಅಂದಳು. ನಿಜ, ನಮ್ಮ ಎರಡನೇ ಚರಣ ತಪ್ಪಾಗಿತ್ತು. ಆಮೇಲೆ ಶೆಡ್ಡಿನಲ್ಲಿ ಹಾಡಿದಾಗಲೆಲ್ಲ ಆ ಸಾಲನ್ನು ಅವಳು ಹೇಳಿದ ಹಾಗೇ ಹಾಡಿದೆವು.