ಹೋತ ತುಟಿ ಮಡಚಿ ನಿಂತರೆ ಅದು ರೋಗವೇ?

ಪ್ರಶ್ನೆ: ನಮ್ಮಲ್ಲಿ ಇಪ್ಪತ್ತು ಆಡು, ಒಂದು ಹೋತ ಇವೆ. ಆಡು ಉಚ್ಚೆ ಹೊಯ್ದಲ್ಲೆಲ್ಲ ಹೋತ ಮೂತಿ ಇಟ್ಟು, ಆಮೇಲೆ ಕತ್ತೆತ್ತಿ ಮೇಲ್ದುಟಿ ಮಡಚಿಕೊಂಡು ಅಲುಗಾಡದೆ ನಿಲ್ಲುತ್ತದೆ. ಮೂಗಿನಲ್ಲಿ ಹುಳು ಆಗಿದೆ, ಬೇವಿನೆಣ್ಣೆ ಬಿಡಿ ಎಂದು ಊರಿನವರು ಹೇಳುತ್ತಿದ್ದಾರೆ. ಬಿಡಬಹುದೇ?
— ಆಡು ಸಾಕುವವರು, ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ

ಪಶುವೈದ್ಯರ ಉತ್ತರ: ಬೇಡವೇ ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಇಲ್ಲದ ರೋಗಕ್ಕೆ ಮದ್ದು ಮಾಡಿ ಇರುವ ಹೋತವನ್ನು ಕಳೆದುಕೊಳ್ಳುತ್ತೀರಿ. ನಿಮ್ಮ ಹೋತ ಮಾಡುತ್ತಿರುವುದು ವಾಸನೆಯ ಪರೀಕ್ಷೆ. ಅದಕ್ಕಾಗಿಯೇ ಅದಕ್ಕೆ ಇನ್ನೊಂದು ಮೂಗು ಇದೆ.

ಮನೆಯಲ್ಲಿ ತಲೆಮಾಂಸ ಮಾಡುವ ದಿನ ಆಡಿನ ಬಾಯಿ ಅಗಲಿಸಿ ನೋಡಿ. ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ, ಗಟ್ಟಿಯಾದ ಒಸಡಿನ ದಿಂಡು ಇದೆ. ಅದರ ಹಿಂದೆಯೇ ಅಂಗುಳದ ನಡುವೆ ಒಂದು ಪುಟ್ಟ ಉಬ್ಬು, ಉಬ್ಬಿನ ಎರಡೂ ಬದಿಗೆ ಒಂದೊಂದು ಸೀಳು. ಆ ಸೀಳುಗಳಿಂದ ಮೂಗಿನ ಕಡೆಗೆ ದಾರಿ ಇದೆ; ಆ ದಾರಿಗೆ ಸೇರಿಕೊಂಡು ಮೂಗಿನ ನಡುಗೋಡೆಯ ಬುಡದಲ್ಲಿ ಎರಡು ತೆಳುವಾದ ಕೊಳವೆಗಳು ಮಲಗಿವೆ. 1813ರಲ್ಲಿ ಇವನ್ನು ವಿವರಿಸಿದ ಡೆನ್ಮಾರ್ಕಿನ ವೈದ್ಯ ಲುಡ್ವಿಗ್ ಜಾಕೋಬ್ಸನ್ ಹೆಸರಿನಲ್ಲೇ ಈ ಅಂಗವನ್ನು ಕರೆಯುತ್ತಾರೆ. ತುಟಿ ಮಡಚಿದಾಗ ಉಚ್ಚೆಯ ಅಂಶ ಈ ಕೊಳವೆಗಳಿಗೆ ಎಳೆಯಲ್ಪಡುತ್ತದೆ. ಅಲ್ಲಿಂದ ಹೊರಟ ನರಗಳು ಮಿದುಳಿನಲ್ಲಿ ಬೇರೆಯದೇ ಒಂದು ಗಂಧದ ಗಡ್ಡೆಯನ್ನು, ಅಂದರೆ ವಾಸನೆಯ ಸುದ್ದಿ ಪಡೆಯುವ ಭಾಗವನ್ನು, ತಲುಪುತ್ತವೆ. ಆಡು ಬೆದೆಗೆ ಬಂದಿದೆಯೇ ಎಂಬ ಸುದ್ದಿ ಹೋಗುವುದು ಹೀಗೆ.

ನಾವು ಮೂಗು ಎನ್ನುವ ಮೊದಲನೆಯ ಮೂಗಿನ ಕೆಲಸ ಬೇರೆ. ತಲೆಯನ್ನು ಉದ್ದಕ್ಕೆ ಸೀಳಿದರೆ ಒಳಗೆ ಸುರುಳಿ ಸುತ್ತಿದ ಕಾಗದದಂತಹ ತೆಳು ಎಲುಬುಗಳು ಕಾಣುತ್ತವೆ. ಹಿಂದಿನ ಸುರುಳಿಗಳ ಮೇಲಿನ ಪೊರೆ ಗಾಳಿಯ ವಾಸನೆಯನ್ನು ಹಿಡಿದು, ಜರಡಿಯಂತೆ ತೂತು ತೂತಾದ ಎಲುಬಿನ ಮೂಲಕ ನರದ ಎಳೆಗಳನ್ನು ಮಿದುಳಿಗೆ ಕಳಿಸುತ್ತದೆ. ಈಗಷ್ಟೇ ಈದ ಆಡು ತನ್ನ ಮರಿಯನ್ನು ನೆಕ್ಕುತ್ತ ಗುರುತು ಹಾಕಿಕೊಳ್ಳುವುದು ಮುಖ್ಯವಾಗಿ ಈ ಮೂಗಿನಿಂದ; ಹಾಗಾಗಿಯೇ ಬೇರೆ ಮರಿಯನ್ನು ಬಿಟ್ಟರೆ ಒದೆಯುತ್ತದೆ.

ತುಟಿ ಮಡಚುವುದನ್ನು ಬಳ್ಳಾರಿ ತಳಿಯ ಟಗರು, ಕೋಣ, ಕುದುರೆಗಳಲ್ಲಿಯೂ ನೋಡಿರುತ್ತೀರಿ. ಕುದುರೆಯಲ್ಲಿ ಮಾತ್ರ ದಾರಿ ಬಾಯಿಗೆ ತೆರೆಯುವುದಿಲ್ಲ, ಮೂಗಿಗಷ್ಟೇ. ಮನುಷ್ಯರಾದ ನಮ್ಮಲ್ಲಿ ಈ ಅಂಗದ ಕುರುಹು ಉಳಿದಿದೆ, ಕೆಲಸ ಇಲ್ಲ. ಡಾಲ್ಫಿನ್ನಿಗಂತೂ ಗಂಧದ ಗಡ್ಡೆಯೇ ಇಲ್ಲ.

ಊರಿನವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಒಂದು ಜಾತಿಯ ನೊಣ ಆಡು–ಕುರಿಗಳ ಮೂಗಿನಲ್ಲಿ ಮರಿಹುಳು ಬಿಡುತ್ತದೆ. ಆದರೆ ಹಾಗಾದರೆ ಸಿಂಬಳ ಸುರಿಯುತ್ತದೆ, ಪ್ರಾಣಿ ಪದೇ ಪದೇ ಸೀನುತ್ತದೆ, ಮೂಗನ್ನು ನೆಲಕ್ಕೆ ಉಜ್ಜುತ್ತದೆ. ಇವು ಕಂಡರೆ ಪಶು ಆಸ್ಪತ್ರೆಗೆ ಕರೆತನ್ನಿ, ಇಂಜೆಕ್ಷನ್ ಇದೆ.

ಬೆದೆಯಲ್ಲದ ಆಡಿನ ಉಚ್ಚೆಗೂ ಹೋತ ತುಟಿ ಮಡಚುತ್ತದೆ. ಹಾಗೆ ಮಾಡಿದ ಮೇಲೂ ಆ ಆಡಿನ ಬೆನ್ನು ಬಿಡದಿದ್ದರೆ ತಾರೀಖು ಬರೆದಿಟ್ಟುಕೊಳ್ಳಿ. ಗಬ್ಬ ನಿಲ್ಲದಿದ್ದರೆ ಸುಮಾರು 21 ದಿನಕ್ಕೆ ಆಡು ಮತ್ತೆ ಬೆದೆಗೆ ಬರುತ್ತದೆ. ನಿಂತರೆ ಈಯಲು ಸುಮಾರು 150 ದಿನ ಎಣಿಸಿ.